ದೊಡ್ಡಮ್ಮ ಹೇಳಿಕೊಡದ ಮಾತು

ನಮ್ಮ ದೊಡ್ಡಮ್ಮ ನಾಟಕದಲ್ಲಿ ಪ್ರಾಂಪ್ಟರ್. ಪರದೆಯ ಮರೆಯಲ್ಲಿ ಕೂತು, ನಟರು ಮಾತು ಮರೆತರೆ ಪಿಸುಗುಟ್ಟಿ ನೆನಪಿಸುವ ಕೆಲಸ. ವೇದಿಕೆಯ ಮೇಲೆ ದೊಡ್ಡಪ್ಪ ರಾಜನಾಗಿ ಸಾಯುತ್ತಿದ್ದರೆ, ಇವಳು ಸೊಳ್ಳೆ ಹೊಡೆಯಲೂ ಕೈ ಎತ್ತದೆ ಗಂಡನ ತುಟಿಯನ್ನೇ ನೋಡುತ್ತಿದ್ದಳು. ಮಾತಿನ ನಡುವೆ ಸುಮ್ಮನೆ ನಿಂತುಬಿಡುವುದರಲ್ಲಿ ದೊಡ್ಡಪ್ಪ ಹೆಸರುವಾಸಿ. ಜನ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಅದು ನಟನೆಯೋ ಮರೆವೋ ಎಂಬುದು ದೊಡ್ಡಮ್ಮನೊಬ್ಬಳಿಗೇ ಗೊತ್ತು. ಮರೆತಾಗ ಅವರ ಹೆಬ್ಬೆರಳು ಬಟ್ಟೆಯ ಅಂಚು ಹುಡುಕುತ್ತಿತ್ತು. ಚಪ್ಪಾಳೆ ಅವರಿಗೆ, ಬೆನ್ನುನೋವು ಇವಳಿಗೆ.

ವಯಸ್ಸಾದಂತೆ ಮರೆವು ಹೆಚ್ಚಿತು. ನಾಟಕದವರು ಮೆಲ್ಲಗೆ ಕೈಬಿಟ್ಟರು. ದೊಡ್ಡಪ್ಪ ಗಡ್ಡ ಕೂಡ ಹೆರೆಯದೆ ಮನೆಯಲ್ಲಿ ಮಂಕಾಗಿ ಕೂತರು. ಆಗ ಬಂದದ್ದು ಒಂದು ಹಾಸ್ಯ ಸಿನಿಮಾ. ನಾಯಿಗೆ ಹೆದರಿ ನೀರಿನ ತೊಟ್ಟಿಗೆ ಬೀಳುವ ಬೀಗರ ಪಾತ್ರ.

"ಅಷ್ಟು ದೊಡ್ಡ ನಟರಿಗೆ ಈ ಮಂಗಾಟ ಬೇಕಾ?" ಎಂದು ನಾನು ರೇಗಿದೆ.

"ಆಡ್ಲಿ ಬಿಡೆ," ಎಂದಳು ದೊಡ್ಡಮ್ಮ. "ಕೆಲಸ ಅಂತ ಒಂದಿದ್ರೆ ಗಡ್ಡನಾದ್ರೂ ಹೆರ್ಕೋತಾರೆ."

ಮರೆವಿನ ವಿಷಯ ಸಿನಿಮಾದವರಿಗೆ ತಿಳಿದರೆ ಇದೂ ಕೈತಪ್ಪುತ್ತದೆ ಎಂಬುದೊಂದೇ ಅವಳ ಹೆದರಿಕೆ. ನಿದ್ದೆ ಕೆಟ್ಟು ಕಣ್ಣು ಗುಳಿಬಿದ್ದಿತ್ತು.

ಚಿತ್ರೀಕರಣದಲ್ಲಿ ಪ್ರಾಂಪ್ಟರಿಗೆ ಜಾಗವಿಲ್ಲ. ಪಿಸುಗುಟ್ಟಿದರೂ ಮೈಕು ಹಿಡಿಯುತ್ತದೆ ಎಂದು ಮೊದಲೇ ಎಚ್ಚರಿಸಿದ್ದರು. ನಾವಿಬ್ಬರೂ ಲೈಟುಗಳ ಹಿಂದೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತೆವು. ದೊಡ್ಡಪ್ಪ ತೊಟ್ಟಿಯಿಂದ ಎದ್ದು "ಈ ನಾಯಿ ಯಾರದು?" ಎನ್ನಬೇಕಿತ್ತು, ಅಷ್ಟೇ. ಎದ್ದರು. ನಾಯಿಯನ್ನು ನೋಡಿದರು. ಹಾಗೇ ನಿಂತರು. ಹೆಬ್ಬೆರಳು ಒದ್ದೆ ಕೋಟಿನ ಅಂಚನ್ನು ತಡಕತೊಡಗಿತು. ದೊಡ್ಡಮ್ಮನ ತುಟಿ ದನಿಯಿಲ್ಲದೆ ಆ ಮಾತನ್ನು ಮತ್ತೆ ಮತ್ತೆ ಆಡುತ್ತಿತ್ತು. ಅವಳ ಉಗುರು ನನ್ನ ಅಂಗೈಗೆ ನಾಟಿತ್ತು.

ತಾನೆಲ್ಲಿದ್ದೇನೆಂದೇ ತಿಳಿಯದ ಮುಖ ಅದು. ನೋಡಿ ಮೊದಲು ಲೈಟಿನವನು ಕಿಸಕ್ಕೆಂದ. ಆಮೇಲೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಿರ್ದೇಶಕ ಕಣ್ಣೊರೆಸಿಕೊಳ್ಳುತ್ತಾ ಬಂದ.

"ಮಾತೇ ಬೇಡ ಸಾರ್. ಎಂಥಾ ಮುಖ ಮಾಡಿದ್ರಿ. ಅನುಭವ ಅಂದ್ರೆ ಇದು. ನನ್ನ ಮುಂದಿನ ಸಿನಿಮಾಕ್ಕೂ ನೀವೇ."

ಅವನ ಕೆನ್ನೆಗೆ ಬಾರಿಸಬೇಕೆನಿಸಿತು ನನಗೆ. ದೊಡ್ಡಮ್ಮ ನಗುನಗುತ್ತಾ ತಲೆಯಾಡಿಸಿದಳು.

ಕಾರು ನಾನೇ ಓಡಿಸುತ್ತಿದ್ದೆ. ಹಿಂದಿನ ಸೀಟಿನಲ್ಲಿ ದೊಡ್ಡಪ್ಪ ಟವೆಲು ಹೊದ್ದು ಮುದುರಿ ಕೂತಿದ್ದರು. ಪಕ್ಕದಲ್ಲಿದ್ದ ದೊಡ್ಡಮ್ಮನ ಕಡೆ ತಿರುಗಿದರು.

"ಲೇ, ನಾನಲ್ಲಿ ಸುಮ್ನೆ ನಿಂತ್ನಲ್ಲ, ಅದು ನಟನೆ ತಾನೆ?"

"ಮತ್ತಿನ್ನೇನು?" ಎಂದಳು ದೊಡ್ಡಮ್ಮ. "ಎಲ್ರೂ ಹೇಗೆ ನಕ್ರು, ನೋಡಿದ್ರಲ್ಲ."

ದೊಡ್ಡಪ್ಪನ ಮುಖ ಅರಳಿತು. ಪೂರ್ತಿ ನಂಬಿಬಿಟ್ಟರು. "ಹಾಗಾದ್ರೆ ನಾಳೆನೂ ಹಾಗೇ ಮಾಡ್ತೀನಿ," ಎಂದರು.

ದೊಡ್ಡಮ್ಮ ಅವರ ಒದ್ದೆ ತಲೆ ಒರೆಸುತ್ತಿದ್ದಳು. ಕೈ ಸೋತಿತ್ತು, ದನಿಯೂ ಸೋತಿತ್ತು.

"ಮಾಡಿ," ಎಂದಳು. "ಅದಕ್ಕೆ ನಾನು ಬೇಕಾಗಿಲ್ಲ."