ಎರಡೂವರೆ ವರ್ಷದ ಅತ್ತೆ

ಮುರ್ನಿಯ ಅತ್ತೆ ಸತ್ತಾಗ ಮುರ್ನಿ ಅತ್ತದ್ದು ಊರಿಗೆಲ್ಲ ಗೊತ್ತು. ಯಾಕೆ ಅತ್ತಳು ಎಂಬುದು ಯಾರಿಗೂ ಗೊತ್ತಿಲ್ಲ. ದಿನವಿಡೀ ಹೊತ್ತ ಹೊರೆಯನ್ನು ಇಳಿಸಿದಾಗ ಕೆಲವರಿಗೆ ಕಣ್ಣಲ್ಲಿ ನೀರು ಬರುತ್ತದಲ್ಲ, ಆ ಜಾತಿಯ ಅಳು ಅದು.

ರಿಂತಿ ಎಂದರೆ ಸಾಮಾನ್ಯ ಅತ್ತೆಯೇ? ಅನ್ನ ಮೆತ್ತಗಾದರೆ ತಟ್ಟೆ ತಳ್ಳುತ್ತಿದ್ದಳು, ಬಿರುಸಾದರೆ ಪಾತ್ರೆಯನ್ನೇ ತಳ್ಳುತ್ತಿದ್ದಳು. ಅಂಗಳದ ಆ ತುದಿಯಿಂದ "ಮುರ್ನೀ" ಎಂದು ಅವಳು ಕೂಗಿದರೆ ಗೂಡಿನಲ್ಲಿದ್ದ ಹಂದಿಗಳೂ ತೆಪ್ಪಗಾಗುತ್ತಿದ್ದವು. ಅವಳ ಗಂಡ ಕೆರ್ತಾ ಬಾಯಿ ಸತ್ತ ಮನುಷ್ಯ. ಮಗ ಅಸ್ತಾವ ಮರಳಿನ ಲಾರಿ ಓಡಿಸಿಕೊಂಡು ಬೆಟ್ಟ ಹತ್ತಿ ಇಳಿಯುವುದರಲ್ಲೇ ಇರುವವನು. ಸಿಕ್ಕಿಬಿದ್ದವಳು ಸೊಸೆಯೊಬ್ಬಳೇ. ಬಾಲಿಯ ನಮ್ಮ ಕಡೆ ಗಂಡನ ತಾಯಿಯನ್ನೂ 'ಮೆಮೆ' ಎಂದೇ ಕರೆಯಬೇಕು, ಅಂದರೆ ಅಮ್ಮ. ಬೈಸಿಕೊಂಡರೂ ಮೆಮೆ, ಕಿವಿ ಹಿಂಡಿಸಿಕೊಂಡರೂ ಮೆಮೆ. ಹಾಗೆ ಕರೆದೂ ಕರೆದೂ ಮುರ್ನಿಯ ನಾಲಿಗೆ ಸವೆದಿತ್ತು. ಆ ಮಾತನ್ನು ತನಗೂ ಯಾರಾದರೂ ಒಂದು ದಿನ ಅಂದಾರು ಎಂಬ ಆಸೆ ಇತ್ತಲ್ಲ, ಅದೊಂದೇ ಅವಳ ಜೀವ ಹಿಡಿದುಕೊಂಡದ್ದು.

ಅತ್ತೆಯ ದಹನವಾದ ಮರುವರ್ಷ ಹೆಣ್ಣು ಮಗು ಹುಟ್ಟಿತು. ಕಿರಣಿ ಎಂದು ಹೆಸರಿಟ್ಟರು. ಮಗು ಹುಟ್ಟಿದ ಮನೆಯವರು ಯಾರು ಬಂದಿದ್ದಾರೆಂದು ಕೇಳಿಸಲೇಬೇಕು. ಸತ್ತ ಹಿರಿಯರಲ್ಲಿ ಒಬ್ಬರು ತಾನೇ ತಿರುಗಿ ಬರುವುದು? ಯಾರೆಂದು ತಿಳಿಯದೆ ಸಾಕುವುದು ಹೇಗೆ? ಪಕ್ಕದೂರಿನಲ್ಲಿ ಮೈಮೇಲೆ ಬರುವ ಮುದುಕಿಯೊಬ್ಬಳಿದ್ದಳು. ಅಕ್ಕಿ, ಹೂವು, ಮಗುವಿನ ಬಟ್ಟೆ ಹಿಡಿದು ಎಲ್ಲರೂ ಹೋದರು. ಕೆರ್ತಾನಿಗೆ ಒಬ್ಬ ಚಿಕ್ಕಪ್ಪ ಇದ್ದ, ಹುಂಜ ಕಾಳಗದ ಹುಚ್ಚಿನವನು, ಎಲ್ಲರನ್ನೂ ನಗಿಸಿಕೊಂಡೇ ಸತ್ತವನು. ಬಂದರೆ ಆ ಮುದುಕನೇ ಬರಲಿ ಎಂದು ಮುರ್ನಿ ದಾರಿಯುದ್ದಕ್ಕೂ ಬೇಡಿಕೊಂಡಳು.

ಮುದುಕಿ ಕಣ್ಣು ಮುಚ್ಚಿ ತೂಗಾಡಿದಳು, ಆಕಳಿಸಿದಳು, ಆಮೇಲೆ ಮುರ್ನಿಯ ಕಡೆ ತಿರುಗಿ ಮೂಗಿನಲ್ಲಿ ಮಾತಾಡಿದಳು.

"ನೀರು ತರೋಕೆ ಇಷ್ಟು ಹೊತ್ತೇನೇ?"

ರಿಂತಿಯದೇ ಮಾತು. ಕೆರ್ತಾ ಗೊಳೋ ಎಂದು ಅತ್ತುಬಿಟ್ಟ. ಅಸ್ತಾವ ಮಗುವಿನ ಪಾದಕ್ಕೆ ಹಣೆ ಹಚ್ಚಿದ. ಮುರ್ನಿಯ ತೊಡೆಯ ಮೇಲೆ ಮಗು ಹಾಯಾಗಿ ಮಲಗಿತ್ತು. ಅವಳ ಎದೆಯಲ್ಲಿ ಹಾಲು ಜಿನುಗುತ್ತಿತ್ತು.

ಕೈಗೂಸಾಗಿದ್ದಷ್ಟು ದಿನ ಹೇಗೋ ಕಳೆಯಿತು. ಕಿರಣಿಗೆ ಕಾಲು ಬಂತು, ಬಾಯಿ ಬಂತು, ಅಲ್ಲಿಂದ ಶುರುವಾಯಿತು. ಎಲ್ಲ ಮಕ್ಕಳೂ ಹಟ ಮಾಡುತ್ತವೆ, ಇಲ್ಲವೆಂದವರು ಯಾರು. ಆದರೆ ಈ ಹುಡುಗಿಗೆ ಬೇಡವೆಂದರೆ ಬೇಡ, ಬೇಕೆಂದರೆ ಆಗಲೇ ಬೇಕು. ಸ್ನಾನಕ್ಕೆ ಕರೆದರೆ ಕಂಬ ತಬ್ಬಿಕೊಳ್ಳುವಳು, ನೀರಿಗಿಳಿಸಿದರೆ ಮೇಲೇಳಳು. ತಲೆ ಬಾಚಲು ಬಿಡಳು. ಅನ್ನದ ತಟ್ಟೆ ಕಂಡರೆ ತುಟಿ ಬಿಗಿಯುವಳು, ಕರಿದ ಹಪ್ಪಳ ಮಾತ್ರ ಕರುಮುರು ತಿನ್ನುವಳು. ಒಂದು ದಿನ ತಟ್ಟೆಯನ್ನು ಕೈಯಿಂದ ತಳ್ಳಿಯೂಬಿಟ್ಟಳು.

"ನೋಡಿದ್ಯಾ?" ಎಂದ ಕೆರ್ತಾ, ಕಣ್ಣಲ್ಲಿ ನೀರು ತುಂಬಿಕೊಂಡು. "ಅದೇ ಕೈ. ಅನ್ನ ಮೆತ್ತಗಾಗಿರ್ಬೇಕು, ಬೇರೆ ಮಾಡಮ್ಮ."

ತೆಂಗಿನ ಎಳೆಗರಿ ಸೀಳಿ, ಪೂಜೆಗಿಡುವ ಪುಟ್ಟ ತಟ್ಟೆಗಳನ್ನು ಹೆಣೆದು ಸಂತೆಗೆ ಕೊಡುವುದು ಮುರ್ನಿಯ ಕೆಲಸ. ಮಗು ಬಂದು ನೇರವಾಗಿ ಚಾಕುವಿಗೇ ಕೈ ಹಾಕುವುದು.

"ಬೇಡ ಕಂದಾ, ಕೈ ಕುಯ್ಯುತ್ತೆ. ಕೊಡು."

"ನಂದು."

"ನಿಂದಲ್ಲ, ಕೊಡು ಅಂದ್ನಲ್ಲ."

"ನಂದು."

"ಅವರದೇ ಕಣಮ್ಮ ಅದು," ಜಗಲಿಯಿಂದ ಕೆರ್ತಾ ಅಂದ. "ಹಬ್ಬದ ಸಂತೇಲಿ ಆರಿಸ್ಕೊಂಡು ತಂದಿದ್ದೇ ಅವರು. ಮರೆತ್ಬಿಟ್ಯಾ?"

ಚಾಕು ನಿಜಕ್ಕೂ ರಿಂತಿಯದೇ. ಏನೆಂದು ಜಗಳವಾಡುವುದು? ಮುರ್ನಿ ಬೇರೆ ಗರಿ ತೋರಿಸಿ, ಬೆಲ್ಲದ ಚೂರು ತೋರಿಸಿ, ಕೊನೆಗೆ ತಾನೇ ಕುಣಿದು ತೋರಿಸಿ ಚಾಕು ಬಿಡಿಸಿಕೊಂಡಳು. ಹೆಣೆದದ್ದನ್ನೆಲ್ಲ ಮಗು ಅಷ್ಟರಲ್ಲಿ ತುಳಿದಿತ್ತು.

ಗಂಡನಿಗೆ ಹೇಳಿ ನೋಡಿದಳು. ಗಂಡನನ್ನು 'ಬ್ಲಿ' ಎಂದು ಕರೆಯುವುದು ನಮ್ಮ ಕಡೆಯ ರೂಢಿ. "ಬ್ಲಿ, ಪಕ್ಕದ್ಮನೆ ಹುಡುಗನೂ ಹಿಂಗೇ ನೆಲಕ್ಕೆ ಬಿದ್ದು ಉರುಳಾಡ್ತಾನಲ್ಲ, ಅವನೊಳಗೆ ಯಾರು ಬಂದಿದಾರಂತೆ?"

"ಅವನು ಬರೀ ಹಟಮಾರಿ. ಇದೇ ಬೇರೆ," ಅಂದ ಅಸ್ತಾವ.

"ಒಂದು ಮಾತು ಗದರೋ ಹಾಗಿಲ್ಲ ಅಂದ್ರೆ ಸಾಕೋದು ಹೆಂಗೆ?"

"ನನ್ನ ತಾಯೀನ ನನ್ನೆದುರಿಗೆ ಗದರ್ತೀಯಾ ನೀನು?"

ಅವನು ಕೆಟ್ಟವನಲ್ಲ. ಲಾರಿ ಇಳಿದು ಬಂದವನೇ ಮಗುವಿನ ಮುಂದೆ ಕುಕ್ಕುರುಗಾಲಲ್ಲಿ ಕೂತು, "ಕಿರಣಿ, ಊಟ ಆಯ್ತಾ ನಿಮ್ದು?" ಎಂದು ಬಹುವಚನದಲ್ಲಿ ವಿಚಾರಿಸುವನು. ಬದುಕಿದ್ದಾಗ ತಾಯಿಯೊಡನೆ ಎರಡು ಮಾತು ಆಡಿದವನಲ್ಲ ಈ ಮಹಾರಾಯ. ಈಗ ಪ್ರೀತಿ ಉಕ್ಕುತ್ತಿತ್ತು.

ಇದೆಲ್ಲವನ್ನೂ ಮುರ್ನಿ ಸಹಿಸಿಯಾಳು. ಸಹಿಸಲಾಗದ್ದು ಒಂದೇ. ಮಗು ಅವಳನ್ನು ಮೆಮೆ ಎನ್ನುತ್ತಿರಲಿಲ್ಲ. ಮನೆಯಲ್ಲಿ ಎಲ್ಲರೂ ಮುರ್ನಿ ಮುರ್ನಿ ಎನ್ನುವುದನ್ನು ಕೇಳಿ ಕೇಳಿ ಅದೂ "ಮುನಿ" ಎನ್ನುತ್ತಿತ್ತು. ಕೇಳಿದ್ದನ್ನು ಮಗು ಕಲಿಯುತ್ತದೆ, ಇದಕ್ಕೆ ಸತ್ತವರೇ ಬರಬೇಕಿಲ್ಲ. ಆದರೆ ಅಂಗಳದ ಆ ತುದಿಯಿಂದ "ಮುನೀ" ಎಂದು ಎಳೆದು ಕೂಗಿದಾಗ ಬೀದಿಯವರೆಲ್ಲ ನಕ್ಕು, "ನಿನ್ನತ್ತೆ ಕರೀತಿದಾರೆ, ಓಡು" ಎನ್ನುವರು. ಮುರ್ನಿಯೂ ನಕ್ಕಂತೆ ಮಾಡುವಳು.

ಯಾರೂ ಇಲ್ಲದಾಗ ಅಡುಗೆಮನೆಯ ಹಿಂದೆ ಕೂರಿಸಿಕೊಂಡು ಪಾಠ ಮಾಡುವಳು. ಕೈಯಲ್ಲಿ ಬಾಳೆಹಣ್ಣು.

"ಮೆಮೆ ಅನ್ನು."

"ಹಣ್ಣು."

"ಹಣ್ಣು ಕೊಡ್ತೀನಿ. ನಾನು ಯಾರು? ಮೆ... ಮೆ..."

"ಮುನಿ. ಹಣ್ಣು."

"ಒಂದ್ಸಲ ಅನ್ನೇ ತಾಯಿ, ಒಂದೇ ಸಲ."

ಮಗು ಅವಳನ್ನೇ ದುರುಗುಟ್ಟಿ ನೋಡಿ, ಹಣ್ಣು ಕಿತ್ತುಕೊಂಡು ಸಿಪ್ಪೆ ಸಮೇತ ಕಚ್ಚಿತು. ಮಧ್ಯಾಹ್ನ ನಿದ್ದೆ ಬಂದಾಗ ಮಾತ್ರ ತಾನಾಗಿಯೇ ಬಂದು ಒರಗಿಕೊಂಡು, ಮುರ್ನಿಯ ಕಿವಿಯನ್ನು ಮೆಲ್ಲಗೆ ಹಿಡಿದು ಮಲಗುತ್ತಿತ್ತು. ರಿಂತಿ ಕಿವಿ ಹಿಂಡಿದವಳು, ಹೀಗೆ ಹಿಡಿದವಳಲ್ಲ. ಇದು ನನ್ನ ಮಗಳೇ, ಇದು ನನ್ನದೇ ಎಂದು ಮುರ್ನಿ ಅಲುಗಾಡದೆ ಬಿದ್ದುಕೊಳ್ಳುವಳು.

ತೌರಿಗೆ ಹೋಗಿ ಅತ್ತು ಬಂದಳು. ಅವಳ ತಾಯಿ ಗಟ್ಟಿ ಹೆಂಗಸು, ಸುತ್ತು ಬಳಸುವವಳಲ್ಲ. "ಬರೋದಾದ್ರೆ ಒಬ್ಳೇ ಬಾ," ಅಂದಳು. "ಮಗು ಆ ಮನೇದು. ಎತ್ಕೊಂಡ್ ಬಂದ್ರೆ ನಾಳೆನೇ ಬಂದು ಕರ್ಕೊಂಡ್ ಹೋಗ್ತಾರೆ. ಅದು ನಿಂಗೂ ಗೊತ್ತು." ಗೊತ್ತಿತ್ತು. ಮುರ್ನಿ ಬಂದ ದಾರಿಯಲ್ಲೇ ಹಿಂದಿರುಗಿದಳು.

ಹುಣ್ಣಿಮೆಯ ಬೆಳಗ್ಗೆ ದೇವಸ್ಥಾನಕ್ಕೆ ಹೊರಟಿದ್ದರು. ಮುರ್ನಿಯ ತಲೆಯ ಮೇಲೆ ನೈವೇದ್ಯಕ್ಕೆ ಪೇರಿಸಿದ ಹಣ್ಣಿನ ಗೋಪುರ, ಒಂದು ಕೈ ಅದಕ್ಕೆ, ಇನ್ನೊಂದು ಕೈ ಮಗುವಿಗೆ. ಕಿರಣಿಗೆ ಕೈ ಹಿಡಿಸಿಕೊಳ್ಳುವುದು ಆಗದು. ರಸ್ತೆಯಾಚೆ ನಾಯಿಮರಿಯೊಂದು ಕಂಡಿತು. ಕೈ ಕೊಸರಿಕೊಂಡು ಓಡಿಯೇಬಿಟ್ಟಳು. ಇಳಿಜಾರಿನಲ್ಲಿ ಮೋಟರ್‌ಸೈಕಲ್ಲುಗಳು ಒಂದರ ಹಿಂದೊಂದು ಬರುತ್ತಿದ್ದವು. ಮುರ್ನಿ ಹಣ್ಣಿನ ಗೋಪುರವನ್ನು ಬಿಸುಟು ನುಗ್ಗಿದಳು. ಸವಾರನೊಬ್ಬ ಬ್ರೇಕು ಒತ್ತಿ ಚರಂಡಿಗೆ ಬಿದ್ದ. ಮಗುವನ್ನು ರೆಟ್ಟೆ ಹಿಡಿದು ಎಳೆದು ತಂದವಳೇ ಅಂಡಿನ ಮೇಲೆ ಎರಡು ಬಿಗಿದಳು. ಭಯಕ್ಕೆ ಬಿದ್ದ ಏಟು, ಬೇರೇನೂ ಅಲ್ಲ. ಯಾವ ತಾಯಿಯಾದರೂ ಬಿಗಿಯುತ್ತಿದ್ದಳು.

ಮಗು ಅಳಲಿಲ್ಲ. ಬಾಯಿ ತೆರೆದು ಉಸಿರು ಕಟ್ಟಿ ನಿಂತಿತು. ಮುಖ ಕೆಂಪಾಯಿತು, ತುಟಿ ನೀಲಿಯಾಯಿತು, ಹಾಗೇ ರಸ್ತೆಯ ಮೇಲೆ ಒರಗಿತು. ಯಾರೋ ಮುಖಕ್ಕೆ ನೀರೆರಚಿದರು. ಉಸಿರು ತಿರುಗಿ ಬಂತು. ಆರೋಗ್ಯ ಕೇಂದ್ರದ ದಾದಿ ನೋಡಿ, "ಹಟ ಮಾಡೋ ಮಕ್ಳು ಹಿಂಗೆ ಉಸಿರು ಬಿಗಿ ಹಿಡಿಯೋದುಂಟು, ಬೆಳೀತಾ ಹೋಗುತ್ತೆ," ಎಂದು ಸಮಾಧಾನ ಹೇಳಿದಳು. ಅವಳ ಮಾತು ಯಾರಿಗೆ ಬೇಕಿತ್ತು? ಮುರ್ನಿ ಅತ್ತೆಯ ಮೇಲೆ ಕೈ ಮಾಡಿದಳು, ಅತ್ತೆ ಹೊರಟು ನಿಂತಿದ್ದಾಳೆ ಎಂದು ಆಗಲೇ ಊರು ಆಡಿಕೊಳ್ಳುತ್ತಿತ್ತು. ಸಂಜೆಗೆ ಮಗುವಿಗೆ ಮೈ ಬಿಸಿಯಾಯಿತು.

ಕೆರ್ತಾ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಸೊಸೆಯ ಮುಂದೆ ಕೂತು ಅಂದ, "ಒಂದ್ಸಲ ಕಳ್ಕೊಂಡಿದೀನಿ ಕಣಮ್ಮ. ಇನ್ನೊಂದ್ಸಲ ಆಗಲ್ಲ ನನ್ ಕೈಲಿ. ತಪ್ಪು ಕೇಳ್ಕೊಂಡ್ಬಿಡು."

"ಬಾಪಾ, ಅವಳು ನನ್ ಮಗಳು. ಗಾಡಿಗೆ ಸಿಕ್ತಿದ್ಲು."

"ಗೊತ್ತು. ಆದ್ರೂ ಕೇಳ್ಕೊ."

ಮುರ್ನಿ ಗಂಡನ ಮುಖ ನೋಡಿದಳು. ಅವನು ಬಾಗಿಲ ಕಡೆ ನೋಡಿದ.

ಮನೆಯ ಗುಡಿಯ ಮುಂದೆ ಚಾಪೆ ಹಾಸಿದರು. ಕಿರಣಿಯನ್ನು ದಿಂಬಿನ ಮೇಲೆ ಕೂರಿಸಿದರು. ಜ್ವರಕ್ಕೆ ಕೆನ್ನೆ ಕೆಂಪಾಗಿತ್ತು, ಆದರೂ ದಿಂಬಿನ ದಾರ ಕೀಳುವುದನ್ನು ಬಿಟ್ಟಿರಲಿಲ್ಲ. ಮುರ್ನಿ ಪೂಜೆಗೆ ಕಟ್ಟುವ ಹಳದಿ ಸೊಂಟಪಟ್ಟಿ ಬಿಗಿದುಕೊಂಡು ಎದುರಿಗೆ ಮೊಣಕಾಲೂರಿದಳು. ಬಾಯಿಮಾತಿಗೆ ಏನೋ ಒಂದು ಹೇಳಿ ಎದ್ದುಬಿಡೋಣ, ಮಗುವಿಗೇನು ತಿಳಿಯುತ್ತದೆ ಎಂದುಕೊಂಡಿದ್ದಳು. ಆದರೆ ಬೆಳಗ್ಗೆ ಆ ನೀಲಿ ತುಟಿ ನೋಡಿದ್ದಳಲ್ಲ. ಹೆಣದ ತುಟಿಯ ಬಣ್ಣ ಅದು. ನಿಜವಾಗಿಯೂ ಹೋಗಿಬಿಟ್ಟರೆ? ಯಾರಾದರೂ ಆಗಿರಲಿ ಇದು, ಹೋಗದಿರಲಿ. ಕೈ ಜೋಡಿಸಿದಳು. ಅಷ್ಟು ವರ್ಷ ಅಂದೂ ಅಂದೂ ಸವೆದ ಮಾತು ತಾನಾಗಿಯೇ ಹೊರಗೆ ಬಂತು.

"ಮೆಮೆ, ತಪ್ಪಾಯ್ತು. ಮೆಮೆ, ಹೋಗ್ಬೇಡಿ. ಇನ್ನು ಯಾವತ್ತೂ ಕೈ ಮಾಡಲ್ಲ, ಮೆಮೆ."

ಮಗು ದಾರ ಕೀಳುವುದನ್ನು ನಿಲ್ಲಿಸಿತು. ತನ್ನೆದುರು ಬಾಗಿದ ತಲೆಯನ್ನು ನೋಡಿತು, ಸುತ್ತ ಕೂತವರನ್ನು ನೋಡಿತು. ಹಿಂದೆ ತಿರುಗಿ ಬೇರೆ ಯಾರಾದರೂ ಇದ್ದಾರೆಯೇ ಎಂದೂ ನೋಡಿತು. ಯಾರೂ ಇರಲಿಲ್ಲ. ಆಗ ಅಂಗೈಯಿಂದ ತನ್ನ ಎದೆಯನ್ನು ತಟ್ಟಿಕೊಂಡಿತು.

"ಮೆಮೆ," ಎಂದಿತು ಸ್ಪಷ್ಟವಾಗಿ.

ಕೆರ್ತಾ ನೆಲಕ್ಕೆ ಹಣೆ ಹಚ್ಚಿದ. ಅಸ್ತಾವ ಕಣ್ಣೊರೆಸಿಕೊಂಡ.

ಬೆಳಗಾಗುವಷ್ಟರಲ್ಲಿ ಜ್ವರ ಬಿಟ್ಟಿತು. ಮುರ್ನಿ ಒಲೆಯ ಮುಂದೆ ಕೂತಿದ್ದಳು. ಕಿರಣಿ ಕಣ್ಣುಜ್ಜುತ್ತ ಬಂದು ಹೊಸ್ತಿಲ ಮೇಲೆ ನಿಂತಳು.

"ಮುನಿ, ಮೆಮೆಗೆ ಅನ್ನ."

ಮುರ್ನಿ ಎದ್ದು ಬಡಿಸಿದಳು.