ಗಾದಿಯಮ್ಮನ ಮೇಲೆ ಬಂದ ಮಾತು

ಆಕೆಯ ಹುಬ್ಬಿನ ಮೇಲೆ ಯಾವಾಗ ನೋಡಿದರೂ ಹತ್ತಿಯ ಎಳೆ ಅಂಟಿಕೊಂಡಿರುತ್ತಿತ್ತು. ಒರೆಸಹೋದರೆ ಕೈಯಲ್ಲಿದ್ದ ಹತ್ತಿ ಇನ್ನಷ್ಟು ಮೆತ್ತುತ್ತಿತ್ತು. ಹರಿಹರದಲ್ಲಿ ನಮ್ಮ ಶಾಲೆಯ ಎದುರಿಗೇ ಆಕೆಯ ಮನೆ. ಗಂಡ ಹತ್ತಿ ಹಿಂಜುತ್ತಿದ್ದ, ಆಕೆ ಗಾದಿ ಹೊಲಿಯುತ್ತಿದ್ದಳು. ಪಿಂಜಾರರ ಮನೆಯ ಆ ಹಿರಿಯ ಹೆಂಗಸನ್ನು ಮಕ್ಕಳಿಂದ ಹಿಡಿದು ಹೆಡ್‌ಮಾಸ್ತರರವರೆಗೆ ಎಲ್ಲರೂ ಗಾದಿಯಮ್ಮ ಅಂತಲೇ ಕರೆಯುತ್ತಿದ್ದೆವು. ಬಾಯಿ ಮಾತ್ರ ಹತ್ತಿಯಂಥದ್ದಲ್ಲ, ದಬ್ಬಣ.

ನಾನು ದಾವಣಗೆರೆಯ ಕೆ.ಬಿ. ಬಡಾವಣೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಎಪ್ಪತ್ತರ ದಶಕದ ಕೊನೆಯ ಮಾತು. ಶಾಲೆಯಲ್ಲಿ ಮೂವರು ಅಕ್ಕೋರಿದ್ದೆವು, ಕಕ್ಕಸು ಒಂದೂ ಇರಲಿಲ್ಲ. ಮಾಸ್ತರುಗಳಿಗೇನು, ಹಿಂದಿನ ಗೋಡೆ ಇತ್ತು! ಎದುರು ಮನೆಯಲ್ಲಿ ಕೇಳಲು ನಮಗೆ ನಾಚಿಕೆ. ಅದಕ್ಕೇ ಬೆಳಿಗ್ಗೆ ಮನೆ ಬಿಟ್ಟಮೇಲೆ ಸಂಜೆಯವರೆಗೆ ಹನಿ ನೀರು ಕುಡಿಯುತ್ತಿರಲಿಲ್ಲ. ಅದನ್ನೇ ದೊಡ್ಡ ಜಾಣತನ ಅಂದುಕೊಂಡಿದ್ದೆವು, ಹುಚ್ಚುಮುಂಡೇವು.

ಆ ವರ್ಷ ನಾನು ನಾಲ್ಕು ತಿಂಗಳ ಬಸುರಿ. ಅದಕ್ಕೆ ಮುಂಚೆ ಎರಡು ಸಲ ಮೂರನೇ ತಿಂಗಳಲ್ಲೇ ಬಸಿರು ಇಳಿದುಹೋಗಿತ್ತು. "ಐದು ತುಂಬೋತನಕ ಹೊರಗೆ ಯಾರ ಮುಂದೂ ಬಾಯಿ ಬಿಡಬ್ಯಾಡ, ಕಣ್ಣು ಬೀಳ್ತೈತೆ" ಎಂದು ಅತ್ತೆ ಕಟ್ಟಪ್ಪಣೆ ಮಾಡಿದ್ದರು. ನಾನೂ ಸೆರಗು ಹೊದ್ದು ಮುಚ್ಚಿಟ್ಟಿದ್ದೆ.

ಅಷ್ಟರಲ್ಲಿ ಉರಿಮೂತ್ರ ಶುರುವಾಯಿತು. ಒಂದಕ್ಕೆ ಕೂತರೆ ಮೆಣಸಿನಕಾಯಿ ಹಚ್ಚಿದ ಹಾಗೆ. ನಾಲ್ಕು ಹನಿ ಬಂದರೆ ಹೆಚ್ಚು, ಎದ್ದರೆ ಮತ್ತೆ ಅವಸರ. "ಬಸುರಾಗ ಉಷ್ಣ ಇರೋದೇ" ಎಂದು ಅತ್ತೆ ನೆತ್ತಿಗೆ ಹರಳೆಣ್ಣೆ ತಟ್ಟಿದರು. ನಾನೋ, ಹೋದರೆ ತಾನೆ ಉರಿಯೋದು ಅಂತ ಮನೆಯಲ್ಲೂ ನೀರು ಕಡಿಮೆ ಮಾಡಿದೆ!

ಸೋಮವಾರ ತಡೆಯಲಾಗದೆ, ಮಕ್ಕಳನ್ನು ಮಗ್ಗಿಗೆ ಹಚ್ಚಿ ರಸ್ತೆ ದಾಟಿ ಓಡಿದೆ. ಗಾದಿಯಮ್ಮ ನನ್ನ ಮುಖ ನೋಡಿದವಳೇ ಹಿತ್ತಲ ಬಾಗಿಲು ತೋರಿಸಿದಳು. ಮೂರನೇ ಸಲ ಹೋದಾಗ ದಾರವನ್ನು ಹಲ್ಲಿಂದ ಕಡಿದು ಕೇಳಿದಳು.

"ಉರಿ ಐತೇನ್ರಿ ಅಕ್ಕೋರೆ?"

ತಲೆಯಾಡಿಸಿದೆ.

"ನೀರು ಎಷ್ಟು ಕುಡೀತೀರಿ?"

"ಸಂಜಿಗೆ ಮನೆಗೆ ಹೋಗಿ..."

"ಅಯ್ಯ, ನಿಮ್ಮ ಓದಿಗೆ ಬೆಂಕಿ ಹಾಕ! ಮಕ್ಕಳಿಗೆ ಬುದ್ಧಿ ಹೇಳೋರು ನೀವು! ಗಟಾರ ಕಟ್ಟಿಕೊಂಡ್ರೆ ನೀರು ಬಿಡ್ತಾರೋ, ನಿಲ್ಲಿಸ್ತಾರೋ?"

ಬಾರ್ಲಿ ಕುದಿಸಿ, ಸೋಸಿ, ಆರಿಸಿ ಕೊಟ್ಟಳು. ಚಹಾ ಬಂದ್, ಖಾರ ಬಂದ್. ಹತ್ತಿಯನ್ನು ಬಟ್ಟೆಯಲ್ಲಿ ಕಟ್ಟಿ ಹಂಚಿನ ಮೇಲೆ ಬೆಚ್ಚಗೆ ಮಾಡಿ ಕಿಬ್ಬೊಟ್ಟೆಗೆ ಇಟ್ಟುಕೊಳ್ಳಲು ಹೇಳಿದಳು. ಮಗುವಿಗೆ ಶಾಖ ತಗುಲೀತು ಎಂದು ಹೆದರಿ ನಾನು ತೊಡೆಯ ಮೇಲಿಟ್ಟುಕೊಂಡು ನಾಟಕ ಮಾಡಿದೆನೇ ಹೊರತು ಬಾಯಿ ಬಿಡಲಿಲ್ಲ.

"ಎರಡು ದಿನ ನೋಡೋಣ. ಚಳಿ ಬಂತು, ಬೆನ್ನು ಹಿಡೀತು ಅಂದ್ರೆ ನನ್ನ ವಿದ್ಯೆ ಅಲ್ಲಿಗೆ ಮುಗೀತು. ಸೀದಾ ಡಾಕ್ಟರಮ್ಮ" ಎಂದಳು.

ಅವತ್ತಿನಿಂದ ಶಾಲೆಯ ಗಂಟೆ ಹೊಡೆದಾಗೆಲ್ಲ ಚೊಂಬು ಹಿಡಿದು ನನ್ನ ಕ್ಲಾಸಿನ ಬಾಗಿಲಲ್ಲಿ ಹಾಜರ್. "ಎತ್ರಿ. ಪೂರಾ ಎತ್ರಿ." ಮಕ್ಕಳು ಕಿಸಿಕಿಸಿ ನಗುತ್ತಿದ್ದವು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಆದರೆ ಮಂಗಳವಾರ ಸಂಜೆಯ ಹೊತ್ತಿಗೆ ಉರಿ ಅರ್ಧ ಇಳಿದಿತ್ತು. ಗೆದ್ದೆ ಅಂದುಕೊಂಡೆ.

ಬುಧವಾರ ಮಧ್ಯಾಹ್ನ ಚಾಕ್‌ಪೀಸ್ ಹಿಡಿದ ಕೈ ನಡುಗತೊಡಗಿತು. ಹೊರಗೆ ಸುಡುಬಿಸಿಲು, ನನ್ನ ಹಲ್ಲು ಕಟಕಟ. ಬಸ್ಸು ಹಿಡಿದು ಊರಿಗೆ ಹೋಗಿಬಿಡುತ್ತೇನೆ ಅಂದೆ. ಚೊಂಬು ಹಿಡಿದು ಬಂದ ಗಾದಿಯಮ್ಮ ಕೇಳಲಿಲ್ಲ. ಬೆನ್ನಿನ ಪಕ್ಕೆಯ ಕೆಳಗೆ ಎರಡು ಬೆರಳಿನಿಂದ ಒತ್ತಿದಳು. ಕಿರುಚಿಬಿಟ್ಟೆ.

"ಇದು ಬಾರ್ಲಿಗೆ ಬಗ್ಗೋದಲ್ಲ. ನಡೀರಿ."

ಅರ್ಧ ಹೊಲಿದ ಗಾದಿಯನ್ನು ಹಾಗೇ ಬಿಟ್ಟು ಜಟಕಾ ಕರೆತಂದಳು. ದಾರಿಯುದ್ದಕ್ಕೂ ನನ್ನನ್ನು ತಬ್ಬಿ ಹಿಡಿದಿದ್ದಳು. ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆಯೇ ಮುಟ್ಟು ಯಾವಾಗ ಆಗಿದ್ದು ಅಂತ. ಇನ್ನು ಮುಚ್ಚಿಡುವ ಹಾಗಿರಲಿಲ್ಲ. ನಾಲ್ಕು ತಿಂಗಳು ಎಂದೆ. ಗಾದಿಯಮ್ಮ ನನ್ನ ರಟ್ಟೆ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಹೊಟ್ಟಿಯಾಗ ಕೂಸು ಐತೆ ಅಂತ ನಂಗೆ ಒಂದು ಮಾತು ಹೇಳಬಾರದೇನೇ ತಾಯಿ? ಮೊದಲನೇ ದಿನಾನೇ ಎಳಕೊಂಡು ಬರ್ತಿದ್ನಲ್ಲೇ! ಬಸುರಿಗೆ ಇದು ಆಟ ಅಲ್ಲೇ!"

ಬೈಯುತ್ತಲೇ ಅಳುತ್ತಿದ್ದಳು. ಸೋಂಕು ಮೂತ್ರಪಿಂಡಕ್ಕೆ ಏರಿದೆ, ಜ್ವರ ಇಳಿಯುವವರೆಗೆ ಮಗುವಿನ ವಿಷಯ ಏನೂ ಹೇಳಲಾರೆ ಎಂದರು ಡಾಕ್ಟರಮ್ಮ. ಇಂಜೆಕ್ಷನ್ ಚುಚ್ಚಿ ಮಂಚದ ಮೇಲೆ ಮಲಗಿಸಿದರು. ಇದೂ ಹೋಗುತ್ತದೆ, ಇದೂ ಹೋಗುತ್ತದೆ ಅಂತ ಹೊಟ್ಟೆ ಹಿಡಿದುಕೊಂಡು ಬಿದ್ದಿದ್ದೆ. ಆಕೆ ನನ್ನ ಪಾದ ಉಜ್ಜುತ್ತ ಕೂತಿದ್ದಳು.

ಸುದ್ದಿ ತಿಳಿದು ಸಂಜೆಗೆ ದಾವಣಗೆರೆಯಿಂದ ಗಂಡ, ಅತ್ತೆ ಬಂದರು. ಎರಡು ದಿನದ ಬಾರ್ಲಿಯ ಸಂಗತಿ ಕಿವಿಗೆ ಬಿದ್ದದ್ದೇ ತಡ, ಅತ್ತೆ ಗಾದಿಯಮ್ಮನ ಮೇಲೆ ಹರಿಹಾಯ್ದರು.

"ಬಸುರಿ ಹೆಂಗಸಿಗೆ ಏನೇನೋ ಕುಡಿಸ್ಕೋತ ಕುಂತೀಯಲ್ಲ, ನೀನೇನು ಡಾಕ್ಟ್ರಾ? ನನ್ನ ಸೊಸಿಗೆ ಏನಾದ್ರೂ ಆದ್ರೆ ನಿನ್ನ ಸುಮ್ನೆ ಬಿಡಲ್ಲ!"

ಬಸುರಿ ಅಂತ ನನಗೆ ಯಾರು ಹೇಳಿದ್ರಿ ಎಂದು ಆಕೆ ಒಂದೇ ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ನನ್ನ ಕಡೆ ಒಮ್ಮೆ ನೋಡಿದಳು. ನಾನು ಗೋಡೆ ಕಡೆ ಹೊರಳಿ ಮಲಗಿದೆ. ಥೂ, ಎಂಥ ಹೇಡಿ ನಾನು! "ತಪ್ಪಾತ್ರೀ ಅಮ್ಮಾರೆ" ಎಂದು ಚಪ್ಪಲಿ ಮೆಟ್ಟಿ ಹೊರಟುಹೋದಳು.

ಮೂರನೇ ದಿನ ಜ್ವರ ಬಿಟ್ಟಿತು. ಕೂಸು ಉಳಿಯಿತು. ಬಾಣಂತನ ಮುಗಿಸಿ ಮಗಳನ್ನು ಎತ್ತಿಕೊಂಡು ಹೋದೆ. ಗಾದಿಯಮ್ಮ ಕೂಸಿಗೆ ಲಟಿಕೆ ಮುರಿದು ಮುದ್ದಾಡಿದಳು, ಆಸ್ಪತ್ರೆಯ ಮಾತು ಎತ್ತಲೇ ಇಲ್ಲ. ತಪ್ಪೊಪ್ಪಿಕೊಳ್ಳಬೇಕು ಅಂತ ಹೋದವಳು ಚಹಾ ಕುಡಿದು ಬಂದೆ.

ಆಮೇಲೆ ನನಗೆ ಹದಡಿಯ ಶಾಲೆಗೆ ವರ್ಗವಾಯಿತು. ಎರಡು ವರ್ಷ ಕಳೆದಿರಬೇಕು, ಹಳೆಯ ಶಾಲೆಯ ಅಕ್ಕೋರೊಬ್ಬರು ಬಸ್ಸಿನಲ್ಲಿ ಸಿಕ್ಕು, ಗಾದಿಯಮ್ಮ ತೀರಿಕೊಂಡು ತಿಂಗಳಾಯಿತು ಎಂದರು. ಮನೆಗೆ ಬಂದೆ. ಅತ್ತೆ ಮೊಮ್ಮಗಳಿಗೆ ಉಣ್ಣಿಸುತ್ತಿದ್ದರು. ನಿಂತಲ್ಲೇ ಹೇಳಿಬಿಟ್ಟೆ: "ನಾನು ಬಸುರಿ ಅಂತ ಆಕೆಗೆ ಗೊತ್ತೇ ಇರಲಿಲ್ಲ ಅತ್ತೆ. ಮುಚ್ಚಿಟ್ಟಿದ್ದು ನಾವು. ಜಟಕಾ ತಂದು ಡಾಕ್ಟ್ರ ಹತ್ರ ಒಯ್ದಾಕೆ ಆಕೆ."

ಅತ್ತೆಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅದನ್ನು ತಟ್ಟೆಗೆ ವಾಪಸ್ ಇಟ್ಟು ಅಂದರು:

"ಆಕಿ ಇದ್ದಾಗ ಹೇಳಬಾರದಿತ್ತೇನೇ? ಹೋಗಿ ಕಾಲು ಹಿಡ್ಕಂತಿದ್ದೆ."