ಎರಡು ಓಣಿಯ ದೂರ

ಇಳಕಲ್ಲಿನಲ್ಲಿ ನನ್ನದೊಂದು ಸಣ್ಣ ಸೀರೆ ಅಂಗಡಿ. ಎದುರಿನ ಅಂಗಡಿಯವನು ಆನ್‌ಲೈನ್ ಮಾರಾಟ ಶುರು ಮಾಡಿದ ಎಂಬ ಒಂದೇ ಕಾರಣಕ್ಕೆ ನಾನೂ ಶುರು ಮಾಡಿದೆ. ಯಾವುದನ್ನು ಮಾರಬೇಕು, ಎಷ್ಟು ಮಾರಬೇಕು ಎಂದು ಒಂದು ಗಳಿಗೆಯೂ ಯೋಚಿಸಲಿಲ್ಲ. ದಾಳಿಂಬೆ ಬಣ್ಣದ ಸೀರೆಯೊಂದರ ಫೋಟೊ ತೆಗೆದು ಆ್ಯಪಿಗೆ ಹಾಕಿದೆ. ಇಂಥವು ಎಷ್ಟಿವೆ ಎಂದು ಅದು ಕೇಳಿದಾಗ ಉಡಾಫೆಯಿಂದ ನೂರು ಎಂದು ಒತ್ತಿಬಿಟ್ಟೆ.

ಇದ್ದದ್ದು ಒಂದೇ. ನಮ್ಮ ಕೈಮಗ್ಗಕ್ಕೆ ಒಮ್ಮೆ ಉದ್ದಕ್ಕೆ ಹಾಸಿನ ಎಳೆ ಕಟ್ಟಿದರೆ ಮೂರೋ ನಾಲ್ಕೋ ಸೀರೆ ಬರುತ್ತವೆ. ಮುಂದಿನ ಹಾಸಿನ ಬಣ್ಣವೇ ಬೇರೆ. ಇದು ಊರಿನ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು, ಅದೇ ನಾಚಿಕೆ.

ವಾರದೊಳಗೆ ನಲವತ್ತು ಆರ್ಡರು ಬಂದವು. ರದ್ದು ಮಾಡಲು ಹೋದರೆ ದಂಡ ಹಾಕುತ್ತೇನೆಂದು ಆ್ಯಪು ಬೆದರಿಸುತ್ತಿತ್ತು, ಸುಮ್ಮನಿದ್ದರೆ ಗಿರಾಕಿಗಳು ಬೈಯುತ್ತಿದ್ದರು. ಬಾಗಿಲು ಹಾಕಿಕೊಂಡು ಮನೆಯಲ್ಲಿ ಕೂತರೂ ಜೇಬಿನಲ್ಲಿ ಅಂಗಡಿ ತೆರೆದೇ ಇರುತ್ತಿತ್ತು.

ಕೊನೆಗೆ ಆ ಸೀರೆ ನೇಯ್ದ ಹೆಂಗಸಿನ ಮನೆಗೆ ಹೋಗಿ, ಅಂಥವೇ ನಲವತ್ತು ಬೇಕು ಎಂದೆ. ಆಕೆ ಮಗ್ಗ ನಿಲ್ಲಿಸಿದಳು.

"ಯಾವ್ಯಾವ ಊರಿಂದ ಕೇಳ್ಯಾರ್ರಿ?"

"ಪುಣೆ, ದಿಲ್ಲಿ, ಎಲ್ಲಾ ಕಡಿಯಿಂದ."

"ದಿಲ್ಲಿತನಕ ಮುಟ್ಟೀರಿ. ನನ್ನ ಮನಿ ನಿಮ್ಮ ಅಂಗಡಿಯಿಂದ ಎರಡ ಓಣಿ ಐತಿ. ಫೋಟೊ ಹಾಕೂಕಿಂತ ಮೊದಲ ಇಲ್ಲೀತನಕ ಬರಾಕ ಆಗಲಿಲ್ಲೇನ್ರಿ?"